ಇಪ್ಪತ್ತು ಡಾಲರಿನ ರೈಫಲ್



ಮಹಾಯುದ್ಧವೊಂದು ಮುಗಿದಾಗ ಸೈನಿಕರು ಮನೆಗೆ ಮರಳುತ್ತಾರೆ. ಅವರ ಕೈಯಲ್ಲಿದ್ದ ಬಂದೂಕುಗಳು ಎಲ್ಲಿಗೆ ಹೋಗುತ್ತವೆ? ಈ ಪ್ರಶ್ನೆಯನ್ನು ನೀವು ಎಂದಾದರೂ ಕೇಳಿಕೊಂಡಿದ್ದೀರಾ?

1945ರ ನಂತರ ಯೂರೋಪಿನ ಉಗ್ರಾಣಗಳಲ್ಲಿ ಲಕ್ಷಗಟ್ಟಲೆ ರೈಫಲುಗಳು ಉಳಿದವು. ಜರ್ಮನಿಯ ಮೌಸರ್, ಬ್ರಿಟನ್ನಿನ ಲೀ-ಎನ್‌ಫೀಲ್ಡ್, ಇಟಲಿಯ ಕಾರ್ಕಾನೊ ಇವುಗಳಲ್ಲಿ ಮುಖ್ಯವಾದವು. ಲೀ-ಎನ್‌ಫೀಲ್ಡನ್ನು ನಮ್ಮ ಪೊಲೀಸರ ಹೆಗಲ ಮೇಲೆ ‘ತ್ರೀ ನಾಟ್ ತ್ರೀ’ ಎಂಬ ಹೆಸರಿನಲ್ಲಿ ನಿಮ್ಮ ಹಿರಿಯರು ಕಂಡಿದ್ದಾರೆ. ಅದರ ನಳಿಗೆಯ ಒಳವ್ಯಾಸ 0.303 ಅಂಗುಲ. ಇವೆಲ್ಲವೂ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ತಳ್ಳಬೇಕಾದ ಬಂದೂಕುಗಳು. ಸೇನೆಗಳು ಸ್ವಯಂಚಾಲಿತ ಬಂದೂಕುಗಳತ್ತ ತಿರುಗಿದಾಗ ಇವು ಬೇಡವಾದವು. ವ್ಯಾಪಾರಿಗಳು ಸಗಟಾಗಿ ಕೊಂಡು ಅಮೆರಿಕಕ್ಕೆ ಸಾಗಿಸಿದರು.

ಅಮೆರಿಕದಲ್ಲಿ ಜಿಂಕೆ ಬೇಟೆ ಸಿರಿವಂತರಿಗಷ್ಟೇ ಮೀಸಲಾದ ಹವ್ಯಾಸವಾಗಿರಲಿಲ್ಲ. ಕೂಲಿಕಾರನ ಮಗನಿಗೂ ಮೊದಲ ರೈಫಲಿನ ಕನಸಿರುತ್ತಿತ್ತು. ಹೊಸ ವಿಂಚೆಸ್ಟರ್ ಅವನ ಕೈಗೆಟುಕದು. ಹಳೆಯ ಸೇನಾ ರೈಫಲಾದರೋ ಬಲು ಅಗ್ಗ. ಜಾಹೀರಾತು ನೋಡಿ ಹಣ ಕಳಿಸಿದರೆ ಅಂಚೆಯಲ್ಲೇ ಮನೆಗೆ ಬರುತ್ತಿತ್ತು.

ಆದರೆ ಅಗ್ಗದ್ದನ್ನು ಆರಿಸಲೂ ತಿಳಿವಳಿಕೆ ಬೇಕು. ನಳಿಗೆಯ ಒಳಗಿನ ಸುರುಳಿ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ಆದ್ದರಿಂದಲೇ ಅದು ಓಲಾಡದೆ ನೆಟ್ಟಗೆ ಸಾಗುತ್ತದೆ. ಆ ಗೀರುಗಳನ್ನು ತುಕ್ಕು ತಿಂದಿದ್ದರೆ ಗುರಿ ಕೆಟ್ಟಿತು. ಬೋಲ್ಟಿನ ಮೇಲಿನ ಸಂಖ್ಯೆ ಬಂದೂಕಿನ ಸಂಖ್ಯೆಗೆ ಹೊಂದದಿದ್ದರೆ ಅದು ಬೇರೊಂದು ಬಂದೂಕಿನ ಬೋಲ್ಟ್. ಅದು ಸರಿಯಾಗಿ ಕೂರದೆ ಸಂದು ಹೆಚ್ಚಾದರೆ ತೋಟಾ ಒಡೆದು, ಬಿಸಿ ಅನಿಲ ಹಾರಿಸುವವನ ಮುಖಕ್ಕೇ ನುಗ್ಗಬಹುದು.

ಗುಂಡಿನ ಆಯ್ಕೆ ಇನ್ನೂ ಕುತೂಹಲಕರ. ದೇಹ ಹೊಕ್ಕೊಡನೆ ಅಣಬೆಯಂತೆ ಅರಳುವ ಗುಂಡನ್ನು ಬ್ರಿಟಿಷರು 1890ರ ದಶಕದಲ್ಲಿ ಕಲ್ಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯಲ್ಲಿ ತಯಾರಿಸಿದ್ದರು. 1899ರ ಹೇಗ್ ಸಮ್ಮೇಳನದ ಘೋಷಣೆ ಯುದ್ಧದಲ್ಲಿ ಅಂಥ ಗುಂಡುಗಳ ಬಳಕೆಯನ್ನು ನಿಷೇಧಿಸಿತು. ಹೀಗಾಗಿ ಸೇನೆಯ ಗುಂಡಿಗೆ ಪೂರ್ತಿ ಲೋಹದ ಕವಚ. ಅದು ಜಿಂಕೆಯ ದೇಹವನ್ನು ತೂರಿ ಆಚೆ ಹೋದರೆ, ಪ್ರಾಣಿ ಗಾಯಗೊಂಡು ಓಡಿ ಎಲ್ಲೋ ನರಳಿ ಸಾಯುತ್ತದೆ. ಬೇಟೆಗಾರನಿಗೆ ಬೇಕಾದದ್ದು ಅರಳುವ ಗುಂಡೇ. ಯುದ್ಧದಲ್ಲಿ ಕ್ರೌರ್ಯವೆನಿಸಿದ್ದು ಬೇಟೆಯಲ್ಲಿ ಕರುಣೆ ಎನಿಸಿತು!

ಈ ಅಗ್ಗದ ಆಮದಿನಿಂದ ಅಮೆರಿಕದ ಬಂದೂಕು ಕಾರ್ಖಾನೆಗಳಿಗೆ ಪೆಟ್ಟು ಬಿತ್ತು. ಅಂಥ ಕಾರ್ಖಾನೆಗಳಿದ್ದ ಮಸಾಚುಸೆಟ್ಸ್ ರಾಜ್ಯದ ಸೆನೆಟರೊಬ್ಬರು 1958ರಲ್ಲಿ, ಹಳೆಯ ಸೇನಾ ಬಂದೂಕುಗಳ ಆಮದನ್ನು ತಡೆಯುವ ಮಸೂದೆಯೊಂದನ್ನು ಮಂಡಿಸಿದರು. ಅದು ಕಾಯಿದೆಯಾಗಲಿಲ್ಲ. ಆ ಸೆನೆಟರ್ ಯಾರು ಗೊತ್ತೇ? ಜಾನ್ ಎಫ್. ಕೆನಡಿ.

1963ರ ಮಾರ್ಚಿಯಲ್ಲಿ ಲೀ ಹಾರ್ವೆ ಆಸ್ವಾಲ್ಡ್ ಎಂಬಾತ ಸುಳ್ಳು ಹೆಸರಿನಲ್ಲಿ ಷಿಕಾಗೋದ ಅಂಗಡಿಯೊಂದಕ್ಕೆ ಹಣ ಕಳಿಸಿ, ಅಂಚೆಯ ಮೂಲಕ ಇಟಲಿಯ ಕಾರ್ಕಾನೊ ರೈಫಲನ್ನು ತರಿಸಿಕೊಂಡ. ದೂರದರ್ಶಕವೂ ಸೇರಿ ಬೆಲೆ 19.95 ಡಾಲರ್. ಅದೇ ವರ್ಷ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದದ್ದು ಆ ರೈಫಲೇ ಎಂದು ವಾರೆನ್ ಆಯೋಗ ತೀರ್ಮಾನಿಸಿತು.

ಆಮೇಲೂ ಕಾಯಿದೆ ಬರಲು ಐದು ವರ್ಷ ಹಿಡಿಯಿತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿಯವರೂ ಗುಂಡಿಗೆ ಬಲಿಯಾದ ಮೇಲೆ, ಆ ಅಕ್ಟೋಬರಿನಲ್ಲಿ ಬಂದೂಕು ನಿಯಂತ್ರಣ ಕಾಯಿದೆಗೆ ಸಹಿ ಬಿತ್ತು. ರಾಜ್ಯದಿಂದ ರಾಜ್ಯಕ್ಕೆ ಅಂಚೆಯಲ್ಲಿ ಜನರಿಗೆ ನೇರವಾಗಿ ರೈಫಲ್ ಮಾರುವುದು ನಿಂತಿತು. ಸೇನಾ ಬಂದೂಕುಗಳ ಆಮದೂ ನಿಂತಿತು. 1984ರಲ್ಲಿ ಸಂಗ್ರಹಯೋಗ್ಯ ಹಳೆಯವುಗಳಿಗಷ್ಟೇ ಮತ್ತೆ ದಾರಿ ತೆರೆಯಿತು.

ಎಷ್ಟೋ ಬಡ ಹುಡುಗರಿಗೆ ಮೊದಲ ಬೇಟೆಯ ಸಂಭ್ರಮ ತಂದದ್ದೂ ಇಂಥದೇ ಅಂಚೆಯ ಪೊಟ್ಟಣ, ಆಸ್ವಾಲ್ಡನಿಗೆ ಬಂದದ್ದೂ ಇಂಥದೇ ಪೊಟ್ಟಣ. ಅದನ್ನು ತಲುಪಿಸುವವನಿಗೆ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಯಾವುದಾದರೂ ವಸ್ತು ತೀರ ಅಗ್ಗವಾಗಿ ಕಂಡಾಗ ನೀವೂ ಕೇಳಿ ನೋಡಿ: ಇದರ ಉಳಿದ ಬೆಲೆಯನ್ನು ಯಾರು ತೆರುತ್ತಿದ್ದಾರೆ?