ಸರ್ಕಾರಕ್ಕೆ ಬಂಜರು, ಊರಿಗೆ ಬದುಕು: ಕುಸನೂರಿನ ‘ಕಿತ್ತಿಕೋ-ಹಚ್ಚಿಕೋ’ ಕಥೆ

ನಿಮ್ಮೂರಿನ ಗೋಮಾಳದಿಂದ ವರ್ಷಕ್ಕೆ ಎಷ್ಟು ಆದಾಯ? ಕಂದಾಯ ಇಲಾಖೆಯ ಪುಸ್ತಕ ನೋಡಿದರೆ ಹೆಚ್ಚುಕಡಿಮೆ ಸೊನ್ನೆ. ಆದರೆ ಅಲ್ಲಿ ದನ-ಕುರಿ ಮೇಯುತ್ತವೆ. ಒಲೆಗೆ ಪುಳ್ಳೆ, ತಿಪ್ಪೆಗೆ ಸೊಪ್ಪು ಅಲ್ಲಿಂದಲೇ ಬರುತ್ತದೆ. ಇಷ್ಟನ್ನೂ ದುಡ್ಡು ಕೊಟ್ಟು ತರಬೇಕೆಂದರೆ ಭೂಮಿಯಿಲ್ಲದವರ ಮನೆ ನಡೆಯುವುದು ಕಷ್ಟ. ದುಡ್ಡು ಕೈ ಬದಲಾಗದ ಕಾರಣ ಈ ಆದಾಯವನ್ನು ಯಾರೂ ಬರೆದಿಡುವುದಿಲ್ಲ.

ಈ ಲೆಕ್ಕ ಬಿಟ್ಟುಹೋದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯ 1980ರ ದಶಕದಲ್ಲಿ ಕಂಡಿದೆ.

ತುಂಗಭದ್ರೆಯ ದಂಡೆಯ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ರೇಯಾನ್ ನೂಲಿನ ತಿರುಳು ತಯಾರಿಸಲು ಕಟ್ಟಿಗೆ ಬೇಕಿತ್ತು. 1984ರಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮವೂ ಈ ಕಾರ್ಖಾನೆಯೂ ಸೇರಿ ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಕಂಪನಿ ಕಟ್ಟಿದವು. ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆ ಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಡುವುದೆಂದು ಸರ್ಕಾರ ಒಪ್ಪಿತು. ಕಾಗದದಲ್ಲಿ ಅದು ‘ಸಿ ಮತ್ತು ಡಿ ದರ್ಜೆ’ಯ ಪಾಳುಭೂಮಿ. ಸುತ್ತಲಿನ ಹಳ್ಳಿಗಳಿಗೆ ಮಾತ್ರ ಅದೇ ಹುಲ್ಲುಗಾವಲು, ಅದೇ ಸೌದೆಯ ಕಾಡು.

ಕಾರ್ಖಾನೆಯ ಲೆಕ್ಕದಲ್ಲಿ ನೀಲಗಿರಿ ಲಾಭದ ಮರ. ಬೇಗ ಬೆಳೆಯುತ್ತದೆ, ಕಡಿದರೆ ಮತ್ತೆ ಚಿಗುರುತ್ತದೆ. ಊರಿನ ಲೆಕ್ಕವೇ ಬೇರೆ. ಅದರ ಎಲೆಯನ್ನು ದನ ಮೂಸುವುದಿಲ್ಲ, ಒತ್ತಾಗಿ ನೆಟ್ಟ ತೋಪಿನಡಿ ಹುಲ್ಲು ಬಾರದು, ಬೇರು ಆಳಕ್ಕಿಳಿದು ನೀರು ಹೀರುತ್ತದೆ. ಮೇವು ಇಲ್ಲವಾದರೆ ದನ ಮಾರಬೇಕು, ದನ ಹೋದರೆ ಗೊಬ್ಬರ ಹೋಯಿತು, ಗೊಬ್ಬರ ಹೋದರೆ ಹೊಲ ಸೊರಗುತ್ತದೆ. ಸೌದೆಗಾಗಿ ಹೆಣ್ಣುಮಕ್ಕಳು ಇನ್ನಷ್ಟು ದೂರ ನಡೆಯಬೇಕು. ಲಾಭ ಒಂದು ಕಡೆ, ಖರ್ಚು ಇನ್ನೊಂದು ಕಡೆ.

ಸಮಾಜ ಪರಿವರ್ತನ ಸಮುದಾಯ, ಶಿವರಾಮ ಕಾರಂತರು ಮತ್ತಿತರರು 1986ರ ಕೊನೆಗೆ ಸುಪ್ರೀಂ ಕೋರ್ಟಿಗೆ ಹೋದರು. ಮರುವರ್ಷ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಸುಮಾರು 2,000 ಜನ ಸೇರಿದರು. ಮೊದಲು ನೂರು ನೀಲಗಿರಿ ಸಸಿ ಕಿತ್ತರು. ಅದೇ ನೆಲದಲ್ಲಿ ಹಣ್ಣು, ಮೇವು ಕೊಡುವ ಗಿಡ ಹಚ್ಚಿದರು. ಅದಕ್ಕೇ ‘ಕಿತ್ತಿಕೋ-ಹಚ್ಚಿಕೋ’ ಎಂಬ ಹೆಸರು. ಬೇಡದ್ದನ್ನು ತೆಗೆದು ಸುಮ್ಮನಾಗದೆ, ಈ ನೆಲ ಯಾವುದಕ್ಕೆ ಬೇಕೆಂದು ಗಿಡ ನೆಟ್ಟೇ ತೋರಿಸಿದರು. ಕೊನೆಗೆ 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ಹಾಗೆಂದು ನೀಲಗಿರಿ ನೆಟ್ಟದ್ದು ಕಂಪನಿಗಳು ಮಾತ್ರವಲ್ಲ. ಕೋಲಾರದ ಕಡೆ ರೈತರೇ ರಾಗಿ ಹೊಲದಲ್ಲಿ ಹಾಕಿದರು. ಕೂಲಿ ಖರ್ಚು ಕಡಿಮೆ, ದನದ ಕಾಟವಿಲ್ಲ. ಒಬ್ಬೊಬ್ಬರಿಗೂ ಅದು ಸರಿಯಾದ ಲೆಕ್ಕವೇ. ಆದರೆ ನೆಲದಡಿಯ ನೀರು ಎಲ್ಲರದು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಇಂದು ಗೋಮಾಳವನ್ನು ನೀಲಗಿರಿಗೆ ಕೇಳುವವರು ಕಡಿಮೆ. ಕೈಗಾರಿಕೆಗೆ, ನಿವೇಶನಕ್ಕೆ, ಸೋಲಾರ್‌ಗೆ ಕೇಳುವವರಿದ್ದಾರೆ. ಕೊಡಬೇಕೋ ಬೇಡವೋ ಎಂಬುದು ಆಯಾ ಊರಿನವರು ಕೂತು ಮಾತಾಡಬೇಕಾದ ವಿಷಯ. ಆ ಮಾತಿಗೆ ಮೊದಲು ಒಂದು ಕೆಲಸ ಮಾಡಿ: ಅಲ್ಲಿ ಎಷ್ಟು ದನ ಮೇಯುತ್ತವೆ, ಎಷ್ಟು ಮನೆಗೆ ಸೌದೆ ಬರುತ್ತದೆ, ಅಲ್ಲಿ ಬಿದ್ದ ಮಳೆ ಯಾವ ಕೆರೆಗೆ ಹರಿಯುತ್ತದೆ ಎಂದು ಬರೆದು ಗ್ರಾಮಸಭೆಯಲ್ಲಿ ಓದಿಸಿ. ಈ ಲೆಕ್ಕ ಪಹಣಿಯಲ್ಲಿ ಸಿಗುವುದಿಲ್ಲ.