ಪೋಲೀಸರಿಗೆ 40 ಗಂಟೆಗಳ ಪಾಠ

ಮನಸ್ಸಿನ ಹಿಡಿತ ತಪ್ಪಿ, ಮನೆಯವರ ಮಾತಿಗೂ ಬಗ್ಗದ ಸ್ಥಿತಿಯಲ್ಲಿರುವ ವ್ಯಕ್ತಿಯ ಎದುರು ಮೊದಲು ಬಂದು ನಿಲ್ಲುವವರು ಯಾರು? ಎಷ್ಟೋ ಸಲ ವೈದ್ಯರಲ್ಲ, ಪೋಲೀಸರು. ಹೀಗೇಕಾಯಿತು ಎಂಬುದಕ್ಕೆ ಒಂದು ಇತಿಹಾಸವಿದೆ. ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರ ಅದಕ್ಕೆ ಒಳ್ಳೆಯ ಉದಾಹರಣೆ.

1955ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5,58,000 ರೋಗಿಗಳಿದ್ದರು. ಆ ವೇಳೆಗೆ ಹೊಸ ಔಷಧಿಗಳು ಬಂದವು. ರೋಗಿಗಳನ್ನು ವರ್ಷಗಟ್ಟಲೆ ಕೂಡಿಹಾಕುವುದು ತಪ್ಪೆಂಬ ಅಭಿಪ್ರಾಯವೂ ಬಲಿಯಿತು. 1963ರಲ್ಲಿ ಅಧ್ಯಕ್ಷ ಕೆನಡಿ, ಊರೂರಿನಲ್ಲಿ ಚಿಕಿತ್ಸಾ ಕೇಂದ್ರಗಳನ್ನು ತೆರೆಯುವ ಕಾಯಿದೆಗೆ ಸಹಿ ಹಾಕಿದರು. ಆಸ್ಪತ್ರೆಗಳೇನೋ ಬರಿದಾದವು, ಕೇಂದ್ರಗಳು ಮಾತ್ರ ಯೋಜಿಸಿದಷ್ಟು ಏಳಲಿಲ್ಲ. ನಡುರಾತ್ರಿ ಮಗನ ಸ್ಥಿತಿ ಕೈಮೀರಿದರೆ ತಾಯಿಗೆ ಉಳಿದದ್ದು 911 ಎಂಬ ತುರ್ತು ದೂರವಾಣಿ.

ಮೆಂಫಿಸ್‌ನಲ್ಲಿ 1987ರ ಸೆಪ್ಟೆಂಬರಿನಲ್ಲಿ ಅಂಥದೇ ಒಂದು ಕರೆ ಹೋಯಿತು. 27 ವರ್ಷದ ಕರಿಯ ತರುಣನೊಬ್ಬ ಚಾಕು ಹಿಡಿದು ತನಗೇ ಅಪಾಯ ಮಾಡಿಕೊಳ್ಳುತ್ತಿದ್ದ. ನೆರವಿಗೆಂದು ಕರೆಸಿದ ಪೋಲೀಸರ ಗುಂಡಿಗೇ ಆತ ಬಲಿಯಾದ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಊರು ಅದು. ಗುಂಡು ಹಾರಿಸಿದವರು ಬಿಳಿಯರು. ಊರು ಕೆರಳಿತು.

1988ರಲ್ಲಿ ಪೋಲೀಸ್ ಇಲಾಖೆ, ರೋಗಿಗಳ ಕುಟುಂಬದವರ ಸಂಘ ಮತ್ತು ವಿಶ್ವವಿದ್ಯಾಲಯದ ತಜ್ಞರು ಕೂಡಿ ಒಂದು ವಿಶೇಷ ತಂಡವನ್ನು ಕಟ್ಟಿದರು. ಇದರ ಹಿಂದೆ ಪೋಲೀಸ್ ಅಧಿಕಾರಿ ಸ್ಯಾಮ್ ಕಾಕ್ರನ್ ಮತ್ತು ಮನಶ್ಶಾಸ್ತ್ರಜ್ಞ ರ‍್ಯಾಂಡಾಲ್ಫ್ ಡುಪಾಂಟ್ ಅವರ ದುಡಿಮೆ ಇತ್ತು. ಎಲ್ಲರನ್ನೂ ಬಲವಂತವಾಗಿ ಸೇರಿಸಲಿಲ್ಲ. ಗಸ್ತಿನ ಪೋಲೀಸರಲ್ಲಿ ತಾವಾಗಿ ಮುಂದೆ ಬಂದವರಿಗೆ 40 ಗಂಟೆಗಳ ತರಬೇತಿ ಕೊಟ್ಟರು. ಸಾಮಾನ್ಯ ತರಬೇತಿ ಕಲಿಸುವುದು ಗಟ್ಟಿ ದನಿಯ ಆಜ್ಞೆಯನ್ನು. ಆದರೆ ಇಲ್ಲದ ದನಿಗಳು ಕಿವಿಯಲ್ಲಿ ಮೊಳಗುತ್ತಿರುವವನಿಗೆ ಪೋಲೀಸರ ಕೂಗು ಇನ್ನೊಂದು ಗದ್ದಲವಷ್ಟೆ. ಅವನ ಭಯ ಹೆಚ್ಚುತ್ತದೆ. ಆದ್ದರಿಂದ ಇಲ್ಲಿ ಕಲಿಸಿದ್ದು ದೂರ ನಿಲ್ಲುವುದನ್ನು, ಒಬ್ಬರೇ ನಿಧಾನವಾಗಿ ಮಾತಾಡುವುದನ್ನು, ಅವಸರಪಡದಿರುವುದನ್ನು. ರೋಗಿಗಳನ್ನೂ ಅವರ ಮನೆಯವರನ್ನೂ ಪೋಲೀಸರು ಕಂಡು ಮಾತಾಡಿದರು. ಸನ್ನಿವೇಶಗಳನ್ನು ನಾಟಕದಂತೆ ಅಭಿನಯಿಸಿ ಅಭ್ಯಾಸ ಮಾಡಿದರು.

ಈ ತರಬೇತಿಯನ್ನೇ ಎಲ್ಲರೂ ಹೊಗಳುತ್ತಾರೆ. ನನಗೆ ಮುಖ್ಯವೆನಿಸುವುದು ಇನ್ನೊಂದು ಏರ್ಪಾಡು. ಪೋಲೀಸರು ಕರೆತಂದ ರೋಗಿಯನ್ನು ಹಿಂದಿರುಗಿಸದೆ, ಬೇಗನೆ ಒಳಗೆ ತೆಗೆದುಕೊಳ್ಳಲು ನಗರದ ದೊಡ್ಡ ಸಾರ್ವಜನಿಕ ಆಸ್ಪತ್ರೆ ಒಪ್ಪಿತು. ಆಸ್ಪತ್ರೆಯಲ್ಲಿ ತಾಸುಗಟ್ಟಲೆ ಕಾಯಿಸಿದರೆ ಯಾವ ಪೋಲೀಸನಿಗಾದರೂ ಲಾಕಪ್ಪೇ ಸುಲಭವೆನಿಸೀತು!

2019ರ ಹೊತ್ತಿಗೆ ಅಮೆರಿಕದಲ್ಲಿ ಇಂಥ ಸುಮಾರು 2,700 ತಂಡಗಳಿದ್ದವು. ತರಬೇತಿ ಪಡೆದವರ ತಿಳಿವಳಿಕೆ, ಧೋರಣೆಗಳು ಸುಧಾರಿಸಿದ್ದನ್ನು ಅಧ್ಯಯನಗಳು ತೋರಿಸಿವೆ. ಸಾವುನೋವು ತಗ್ಗಿತೆಂಬುದಕ್ಕೆ ಅಷ್ಟು ಬಲವಾದ ಆಧಾರ ದೊರೆತಿಲ್ಲ. ಕೆಲವು ಊರುಗಳು 40 ಗಂಟೆಯ ಪಾಠವನ್ನಷ್ಟೇ ತೆಗೆದುಕೊಂಡು ಆಸ್ಪತ್ರೆಯ ಏರ್ಪಾಡನ್ನು ಬಿಟ್ಟವು.

ಪೋಲೀಸರ ಈ ಹೊಣೆ ನಮ್ಮ ದೇಶದ ಕಾನೂನಿನಲ್ಲೂ ಹಳೆಯದೇ. ಮಾತು ಮಾತ್ರ ಬದಲಾಗಿದೆ. 1912ರ ಕಾಯಿದೆಯ ಪ್ರಕಾರ ಬೀದಿಯಲ್ಲಿ ಅಲೆಯುವ 'ಹುಚ್ಚ'ನನ್ನು ಪೋಲೀಸರು 'ಬಂಧಿಸಬಹುದಿತ್ತು'. 1987ರ ಕಾಯಿದೆ ಆ ಜಾಗದಲ್ಲಿ 'ರಕ್ಷಣೆಗೆ ತೆಗೆದುಕೊಳ್ಳಬಹುದು' ಎಂದಿತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಮತ್ತೂ ಮುಂದೆ ಹೋಗಿ, ಪೋಲೀಸರಿಗೆ ಈ ವಿಷಯದಲ್ಲಿ ಆಗಾಗ್ಗೆ ತರಬೇತಿ ಕೊಡುವುದನ್ನು ಸರ್ಕಾರದ ಕರ್ತವ್ಯವಾಗಿಸಿತು. ಅದರ ಪ್ರಕಾರ ಅಂಥ ವ್ಯಕ್ತಿಯನ್ನು 24 ಗಂಟೆಯೊಳಗೆ ಹತ್ತಿರದ ಸಾರ್ವಜನಿಕ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವ ಸಂದರ್ಭದಲ್ಲೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದು. ಮನೆಮಠವಿಲ್ಲದೆ ಅಲೆಯುವವರಾದರೆ ಕಾಣೆಯಾದವರೆಂದು ದೂರು ದಾಖಲಿಸಿ, ಅವರ ಮನೆಯವರನ್ನು ಹುಡುಕುವ ಹೊಣೆಯೂ ಠಾಣಾಧಿಕಾರಿಯದೇ.