ಸಿಎಂಎಂ ಪ್ರೋಗ್ರಾಮರ್ ಕೆಲಸ: ಪಗಾರ ಎಷ್ಟು, ಕಲಿಯೋದು ಎಲ್ಲಿ?

ಬಾಗಲಕೋಟೆ: ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರಿಗೆ 'ಸಿಎಂಎಂ ಕಲಿತರೆ ಕೈತುಂಬ ಪಗಾರ' ಅನ್ನೋ ಮಾತು ಕಿವಿಗೆ ಬೀಳ್ತಾ ಇರುತ್ತದೆ. ಖಾಸಗಿ ಕೋರ್ಸಿಗೆ ಫೀ ಕಟ್ಟುವ ಮೊದಲು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಪಾಲಕರು ತಿಳಿದಿರಬೇಕಾದ ವಿವರ ಇಲ್ಲಿದೆ.

ಏನಿದು ಯಂತ್ರ?
ಸಿಎಂಎಂ ಅಂದ್ರೆ ಕೋಆರ್ಡಿನೇಟ್ ಮೆಷರಿಂಗ್ ಮೆಷಿನ್. ಎಂಜಿನ್, ವಿಮಾನದ ಬಿಡಿಭಾಗಗಳು ಡ್ರಾಯಿಂಗ್ ಪ್ರಕಾರ ಇವೆಯೋ ಇಲ್ಲವೋ ಎಂದು ಅಳೆಯುವ ಯಂತ್ರ. ಅಳತೆ ಮೈಕ್ರಾನ್‌ನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಯಂತ್ರದ ಹಾಸು ಗ್ರಾನೈಟ್ ಕಲ್ಲು. ಅದು ತುಕ್ಕು ಹಿಡಿಯಲ್ಲ, ಉಕ್ಕಿನಷ್ಟು ಹಿಗ್ಗಲ್ಲ. ಇಳಕಲ್‌ನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕೋಣೆಯನ್ನು 20 ಡಿಗ್ರಿಯಲ್ಲೇ ಇಟ್ಟಿರುತ್ತಾರೆ. 100 ಮಿ.ಮೀ. ಉಕ್ಕಿನ ತುಂಡು ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ ಸುಮಾರು 23 ಮೈಕ್ರಾನ್ ಉದ್ದ ಆಗಿಬಿಡುತ್ತದೆ. ಅಷ್ಟಕ್ಕೇ ಮಾಲು ರಿಜೆಕ್ಟ್ ಆಗಬಹುದು.

ಆಪರೇಟರ್ ಬೇರೆ, ಪ್ರೋಗ್ರಾಮರ್ ಬೇರೆ
ಬರೆದಿಟ್ಟ ಪ್ರೋಗ್ರಾಂ ಓಡಿಸಿ ರಿಪೋರ್ಟ್ ತೆಗೆಯುವವನು ಆಪರೇಟರ್. ಡ್ರಾಯಿಂಗ್ ಓದಿ, ಎಲ್ಲಿ ಮುಟ್ಟಬೇಕು, ಯಾವುದನ್ನ ಆಧಾರ ಹಿಡಿದು ಅಳೀಬೇಕು ಎಂದು ನಿರ್ಧರಿಸುವವನು ಪ್ರೋಗ್ರಾಮರ್. ಪಿಸಿ-ಡಿಮಿಸ್, ಕ್ಯಾಲಿಪ್ಸೊ ಸಾಫ್ಟ್‌ವೇರ್ ಕೆಲವೇ ತಿಂಗಳಲ್ಲಿ ಕೈಗೆ ಹತ್ತುತ್ತವೆ. ಡ್ರಾಯಿಂಗ್ ಮತ್ತು ಜಿಡಿ ಆಂಡ್ ಟಿ ಓದೋದು ಹತ್ತಲು ವರ್ಷ ಬೇಕು. ಪಗಾರ ಏರೋದು ಇದರಿಂದಲೇ.

ಪಗಾರ
ಹೊಸ ಆಪರೇಟರ್‌ಗೆ ತಿಂಗಳಿಗೆ ಸುಮಾರು ₹15,000ದಿಂದ ₹20,000. ಮೂರರಿಂದ ಐದು ವರ್ಷ ಪಳಗಿದ ಪ್ರೋಗ್ರಾಮರ್‌ಗೆ ₹30,000ದಿಂದ ₹45,000 ಆಸುಪಾಸು. ಊರು, ಕಂಪನಿ ನೋಡಿ ಹೆಚ್ಚುಕಡಿಮೆ ಆಗುತ್ತದೆ. ಆಫರ್ ಲೆಟರ್‌ನ 'ಸಿಟಿಸಿ' ಕೈಗೆ ಬರುವ ದುಡ್ಡಲ್ಲ. ಮೂಲ ವೇತನ ₹12,000 ಇದ್ದರೆ ಶೇ 12ರಂತೆ ₹1,440 ಪಿಎಫ್‌ಗೆ ಹೋಗುತ್ತದೆ. ಪಗಾರ ₹21,000 ದಾಟದಿದ್ದರೆ ಇಎಸ್‌ಐ ಕೂಡ ಇರುತ್ತದೆ. ರೂಮ್ ಬಾಡಿಗೆ, ಮೆಸ್ ಖರ್ಚು ಕಳೆದು ಊರಿಗೆ ಎಷ್ಟು ಕಳಿಸಬಹುದು ಅನ್ನೋದನ್ನ ಮೊದಲೇ ಕೂಡಿಸಿ ನೋಡ್ರಿ.

ಕೆಲಸ ಎಲ್ಲಿ?
ನಮ್ಮ ಜಿಲ್ಲೆಯದು ಸಿಮೆಂಟ್, ಸಕ್ಕರೆ, ಗ್ರಾನೈಟ್, ನೇಕಾರಿಕೆ. ಇಲ್ಲಿ ಈ ಕೆಲಸ ಕಡಿಮೆ. ಹತ್ತಿರದಲ್ಲಿ ಅಂದ್ರೆ ಬೆಳಗಾವಿಯ ಫೌಂಡ್ರಿ, ಮಷಿನ್ ಶಾಪ್‌ಗಳು, ಅದೇ ಜಿಲ್ಲೆಯ ಹತ್ತರಗಿಯ ವಿಮಾನ ಬಿಡಿಭಾಗಗಳ ಕಾರ್ಖಾನೆಗಳು, ಹುಬ್ಬಳ್ಳಿ-ಧಾರವಾಡ. ದೂರಕ್ಕೆ ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರ, ಇಲ್ಲವೇ ಪುಣೆ. ಮಗನೋ ಮಗಳೋ ಊರು ಬಿಡಬೇಕಾಗುತ್ತದೆ, ಇದು ಮೊದಲೇ ಗೊತ್ತಿರಲಿ.

ಕಲಿಯೋದು ಎಲ್ಲಿ?
ಹುನಗುಂದ ತಾಲೂಕಿನ ಕೂಡಲಸಂಗಮದಲ್ಲೇ ಸರ್ಕಾರದ ಜಿಟಿಟಿಸಿ ಕೇಂದ್ರ ಇದೆ. ಎಸ್ಸೆಸ್ಸೆಲ್ಸಿ ಆದವರಿಗೆ ಜಿಟಿಟಿಸಿಯ ಟೂಲ್ ಆಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆ ತರಬೇತಿ. ದೂರದ ಊರಿನ ಕೋರ್ಸ್ ಹುಡುಕುವ ಮೊದಲು ಅಲ್ಲಿ ಹೋಗಿ ವಿಚಾರಿಸಿ.

ಖಾಸಗಿ ಕೋರ್ಸ್ ಸೇರುವುದೇ ಆದರೆ ಇಷ್ಟು ಕೇಳಿ:
* ಸ್ವಂತ ಯಂತ್ರ ಇದೆಯೇ, ಇಲ್ಲಾ ಬರೀ ಕಂಪ್ಯೂಟರ್ ಮೇಲೆ ಕಲಿಸ್ತಾರಾ?
* ಒಬ್ಬೊಬ್ಬರಿಗೆ ಯಂತ್ರದ ಮೇಲೆ ಎಷ್ಟು ತಾಸು ಸಿಗುತ್ತದೆ?
* ಜಿಡಿ ಆಂಡ್ ಟಿ ಕಲಿಸ್ತಾರಾ?
* ಹೋದ ಬ್ಯಾಚಿನವರು ಎಲ್ಲಿ ಕೆಲಸದಲ್ಲಿದ್ದಾರೆ? ಅವರೊಂದಿಗೆ ಮಾತಾಡಿಸ್ತಾರಾ?

ಉತ್ತರ ನೆಟ್ಟಗೆ ಬರದಿದ್ದರೆ ಫೀ ಕಟ್ಟಬೇಡಿ. 'ನೂರಕ್ಕೆ ನೂರು ಕೆಲಸ ಗ್ಯಾರಂಟಿ' ಅಂದರೆ ಆ ಮಾತನ್ನ ಬರಹದಲ್ಲಿ ಕೇಳಿ ಪಡೆಯಿರಿ.